ಐದು ನಿಂಬೆಹಣ್ಣಿನ ಸಿನಿಮಾ

ಹೆದರುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಮ್ಮ ಅತ್ತೆ ಮುನಿಯಮ್ಮ ಕೊನೆಯವರೆಗೂ ನಂಬಲಿಲ್ಲ. "ಯಾರ ಮುಂದೇನೂ ಯೇಳ್ಬೇಡ ಕಣೆ, ನಗ್ತಾರೆ" ಎನ್ನುತ್ತಿದ್ದರು. ನಂಬಲಿ ಬಿಡಲಿ, ಪೀಣ್ಯದ ಒಂದು ಸಣ್ಣ ವಾರಪತ್ರಿಕೆಯಲ್ಲಿ ನಾನು ಮಾಡಿದ ಕೆಲಸ ಅದೇ. ದೆವ್ವದ ಸಿನಿಮಾ ಬಂದರೆ ಹೋಗಿ ನೋಡಬೇಕು, ಎಷ್ಟು ಹೆದರಿಕೆಯಾಯಿತೆಂದು ಬರೆಯಬೇಕು, ಮಕ್ಕಳು ಮರಿ ಕಟ್ಟಿಕೊಂಡು ಹೋಗಬಹುದೋ ಬೇಡವೋ ಹೇಳಬೇಕು. ಈಗ ಫೋನಿನಲ್ಲೇ ಸಿನಿಮಾ ನೋಡಿ ಫೋನಿನಲ್ಲೇ ನಕ್ಷತ್ರ ಹಂಚುವ ಹುಡುಗ ಹುಡುಗಿಯರು ಬಂದು, "ನೀವೂ ರಿವ್ಯೂ ಬರೀತಿದ್ರಂತೆ, ಹೇಗಿತ್ತು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬಡ್ತಿ ಕೊಡೋಣವೆಂದರೆ ಆ ಆಫೀಸಿನಲ್ಲಿ ಇನ್ನೊಂದು ಕುರ್ಚಿಯೇ ಇರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಪತ್ರಿಕೆಯ ಪ್ರೆಸ್ಸಿನಲ್ಲಿ ನಾನು ಪ್ರೂಫ್ ತಿದ್ದುತ್ತಿದ್ದೆ. ಎರಡು ಲೇತ್ ಶೆಡ್ಡುಗಳ ನಡುವೆ ನಮ್ಮ ಪ್ರೆಸ್ಸು, ಕೂತ ಬೆಂಚು ಸದಾ ನಡುಗುತ್ತಿತ್ತು. ಸಂಪಾದಕರಾದ ರಾಯರು ಒಂದು ದಿನ ನಶ್ಯ ಏರಿಸುತ್ತ ನನ್ನನ್ನು ಕರೆದರು.

"ಸರೋಜಮ್ಮ, ನಿಮಗೆ ದೆವ್ವ ಅಂದ್ರೆ ಹೆದರಿಕೆ ಆಗುತ್ತಾ?"

"ಆಗುತ್ತೆ ಸಾರ್."

"ಎಷ್ಟು?"

"ಕತ್ತಲಾದ್ಮೇಲೆ ಹಿತ್ತಲಿಗೆ ಹೋಗ್ಬೇಕಾದ್ರೆ ನಮ್ಮತ್ತೇನ ಕರ್ಕೊಂಡು ಹೋಗ್ತೀನಿ ಸಾರ್."

"ಸರಿ, ನಾಳೆಯಿಂದ ನೀವೇ ಸಿನಿಮಾಗೆ ಹೋಗಿ. ಗಂಡಸ್ರನ್ನ ಕಳ್ಸಿ ಸಾಕಾಗಿದೆ. ಏನಿಲ್ಲ ಸಾರ್, ನಗು ಬಂತು ಅಂತ ಬರ್ಕೊಂಡು ಬರ್ತಾರೆ. ನಗು ಬಂತು ಅಂದೋನು ಈಗ ಜ್ವರ ಬಂದು ಮಲಗಿದಾನೆ."

ಹೀಗೆ ಪುಕ್ಕಲುತನವೇ ನನ್ನ ಅರ್ಹತೆಯಾಯಿತು. ನಮ್ಮ ಓದುಗರು ಸಿನಿಮಾ ಹುಚ್ಚಿನವರಲ್ಲ. ಒಂದೊಂದು ಕಾರ್ಖಾನೆಗೆ ಒಂದೊಂದು ದಿನ ವಾರದ ರಜೆ. ಆ ಒಂದು ದಿನ ಹೆಂಡತಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಟೀ ಅಂಗಡಿಯಲ್ಲಿ ಪತ್ರಿಕೆ ತಿರುವಿ ಹಾಕುವವರು. ಅವರಿಗೆ ನಿರ್ದೇಶಕ, ಛಾಯಾಗ್ರಹಣ ಯಾವುದೂ ಬೇಕಿರಲಿಲ್ಲ. ಮಗು ರಾತ್ರಿ ಹಾಸಿಗೆಯಲ್ಲಿ ಚೀರುತ್ತದೋ ಇಲ್ಲವೋ, ಅಷ್ಟು ತಿಳಿದರೆ ಸಾಕಾಗಿತ್ತು.

ಒಬ್ಬಳೇ ಮ್ಯಾಟಿನಿಗೆ ಹೋಗುವುದನ್ನು ನಾಗಸಂದ್ರದ ನಮ್ಮ ಬೀದಿ ಒಪ್ಪುವಂತಿರಲಿಲ್ಲ. ಅತ್ತೆಯೇ ಜೊತೆ ಬರತೊಡಗಿದರು. ತೆರೆಯ ಮೇಲೆ ಬಿಳಿ ಸೀರೆ ಕಂಡಕೂಡಲೇ ನಾನು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಅವರು ಎಲೆ ಅಡಿಕೆ ಜಗಿಯುತ್ತಾ, "ತಲೆಗೆ ಎಣ್ಣೆ ಕಂಡು ಎಷ್ಟು ದಿನಾ ಆಯ್ತೋ ಪಾಪ" ಎಂದು ದೆವ್ವದ ಮೇಲೇ ಕನಿಕರ ಪಡುತ್ತಿದ್ದರು. ಅವರು ಹೆದರುತ್ತಿದ್ದುದು ಪಂಪು ಸ್ಟೌ ಒಂದಕ್ಕೆ. ಅದರ ಬುಸ್ ಎನ್ನುವ ಸದ್ದು ಕೇಳಿದರೆ ಅಡಿಗೆಮನೆಯಿಂದ ಹೊರಗೆ ಬಂದುಬಿಡುತ್ತಿದ್ದರು. ನಾನು ಅದನ್ನು ಹಳ್ಳಿಯವರ ಅಂಜಿಕೆ ಎಂದುಕೊಂಡು ಎಷ್ಟೋ ಸಲ ರೇಗಿಸಿದ್ದೇನೆ. ಒಂದು ಸಲವೂ ಅವರು ನಗಲಿಲ್ಲ.

ಇನ್ನು ನಿಂಬೆಹಣ್ಣಿನ ವಿಷಯ. ಸಿನಿಮಾಕ್ಕೆ ಅಂಕ ಕೊಡಬೇಕು ಎಂದರು ರಾಯರು. ನಕ್ಷತ್ರದ ಅಚ್ಚು ನಮ್ಮ ಪ್ರೆಸ್ಸಿನಲ್ಲಿರಲಿಲ್ಲ. ಯಾವುದೋ ಷರಬತ್ತಿನ ಜಾಹೀರಾತಿಗೆ ಮಾಡಿಸಿದ್ದ ನಿಂಬೆಹಣ್ಣಿನ ಅಚ್ಚುಗಳು ಐದು ಇದ್ದವು. ಹೆದರಿಕೆ ಇಳಿಸಲು ನಿಂಬೆಹಣ್ಣು ತಾನೇ ನಿವಾಳಿಸುವುದು? ಒಂದು ಹಣ್ಣು ಎಂದರೆ ಅಲ್ಪಸ್ವಲ್ಪ ಹೆದರಿಕೆ, ಐದು ಎಂದರೆ ಬಸುರಿ, ಬಾಣಂತಿ, ಮಕ್ಕಳು ಆ ಕಡೆ ತಲೆಯನ್ನೂ ಹಾಕಬಾರದು. ನಮ್ಮ ಜಾಣತನಕ್ಕೆ ನಾವೇ ಹಿಗ್ಗಿದೆವು.

ಕೆಲವು ತಿಂಗಳಾದ ಮೇಲೆ ಒಬ್ಬ ಮುದುಕಿ ಮೊಮ್ಮಗನನ್ನು ಎಳೆದುಕೊಂಡು ಆಫೀಸಿಗೇ ಬಂದಳು. "ಯಾರವ್ವಾ ನಿಂಬೆಣ್ಣು ಆಕೋಳು? ಐದು ಅವೆ ಅಂತ ನಂಬಿ ಕರ್ಕೊಂಡೋದೆ. ನೋಡು, ಮಗಾ ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಐದು ಸಾಲ್ದೆ ಓದ್ರೆ ಏಳು ಆಕ್ಬೇಕಪ್ಪ!"

ಆಗ ನಮಗೆ ಹೊಳೆಯಿತು. ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ ಮನೆಗೆ, ಲಾರಿಗೆ ಗಾಳಿ ಸೋಕುವುದಿಲ್ಲ. ಹಣ್ಣು ಹೆಚ್ಚಿದಷ್ಟೂ ಕಾವಲು ಭದ್ರ. ನಮ್ಮ ಓದುಗರಲ್ಲಿ ಅರ್ಧ ಜನ ಹೀಗೇ ಓದಿಕೊಂಡು ಐದು ಹಣ್ಣಿನ ಸಿನಿಮಾಕ್ಕೇ ಹಸುಗೂಸುಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಕೆಳಗೆ ಒಂದು ಸಾಲು ವಿವರಣೆ ಹಾಕೋಣವೆಂದು ನಾನು ಗೋಗರೆದೆ. ರಾಯರು ಒಪ್ಪಲಿಲ್ಲ. "ಹೆದರೋರೂ ಕೊಳ್ತಿದಾರೆ, ಹೆದರದೇ ಇರೋರೂ ಕೊಳ್ತಿದಾರೆ. ನೀವ್ಯಾಕೆ ಮಧ್ಯೆ ಕಡ್ಡಿ ಆಡಿಸ್ತೀರಿ?" ಎಂದರು. ಅವರು ಕೆಟ್ಟವರಲ್ಲ. ಪತ್ರಿಕೆ ಮುಳುಗುವ ಭಯ ಅವರಿಗೆ ದೆವ್ವದ ಭಯಕ್ಕಿಂತ ದೊಡ್ಡದಾಗಿತ್ತು.

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ನಾನು ಸಿನಿಮಾ ನೋಡುತ್ತಿದ್ದ ತಗಡಿನ ಚಾವಣಿಯ ಟಾಕೀಸಿನ ಹಿಂದೆ ಒಂದು ಫೋರ್ಜಿಂಗ್ ಕಾರ್ಖಾನೆ ಇತ್ತು. ಕೆಂಪಗೆ ಕಾದ ಕಬ್ಬಿಣದ ಮೇಲೆ ದೊಡ್ಡ ಸುತ್ತಿಗೆ ಬಿದ್ದಾಗಲೆಲ್ಲ ಟಾಕೀಸಿನ ನೆಲ ಅದುರುತ್ತಿತ್ತು. ಒಂದು ಪಾಳುಬಂಗಲೆಯ ಸಿನಿಮಾದಲ್ಲಿ ನಾಯಕಿ ಮೆಟ್ಟಿಲು ಹತ್ತಿದಂತೆಲ್ಲ ಧಡ್, ಧಡ್ ಎಂದು ಹಿಂದಿನಿಂದ ಯಾರೋ ಹೆಜ್ಜೆ ಹಾಕಿ ಬರುತ್ತಾರೆ. ನನ್ನ ಎದೆಯೇ ಬಾಯಿಗೆ ಬಂತು. ನಾಲ್ಕು ಹಣ್ಣು ಕೊಟ್ಟೆ. ಅದೇ ಸಿನಿಮಾವನ್ನು ಯಶವಂತಪುರದಲ್ಲಿ ನೋಡಿದವರು ಬಂದು, "ಏನ್ ಮೇಡಂ, ಸಕ್ಕತ್ ನಿದ್ದೆ ಬಂತು" ಎಂದು ಗೇಲಿ ಮಾಡಿದರು. ಹೋಗಿ ನೋಡಿದರೆ ಅಲ್ಲಿ ಹೆಜ್ಜೆಯ ಸದ್ದೇ ಇಲ್ಲ! ಹೆದರಿಕೆ ಸಿನಿಮಾದಲ್ಲಿರಲಿಲ್ಲ, ಕಾರ್ಖಾನೆಯ ಸುತ್ತಿಗೆಯಲ್ಲಿತ್ತು.

ಅಂದಿನಿಂದ ನನ್ನ ಎದೆಬಡಿತವನ್ನು ನಂಬುವುದು ಬಿಟ್ಟು ಬೇರೆ ಕ್ರಮ ಹಿಡಿದೆ. ಒಂದೊಂದು ಸಿನಿಮಾವನ್ನೂ ಎರಡು ಸಲ ನೋಡುವುದು. ಮೊದಲ ಸಲ ಎಲ್ಲರಂತೆ. ಎರಡನೆಯ ಸಲ ಹೆಂಗಸರ ಬೆಂಚುಗಳ ಮುಂದಿನ ಮೂಲೆಯಲ್ಲಿ ತೆರೆಗೆ ಬೆನ್ನು ಹಾಕಿ ಕೂರುವುದು. ತೆರೆಯ ಬೆಳಕು ಎಲ್ಲರ ಮುಖದ ಮೇಲೂ ಬಿದ್ದಿರುತ್ತದೆ. ಯಾವಾಗ ಎಲೆ ಅಡಿಕೆ ಜಗಿಯುವುದು ನಿಲ್ಲುತ್ತದೆ, ಯಾವಾಗ ತಾಯಿಯ ಕೈ ಮಗುವಿನ ಕಣ್ಣು ಮುಚ್ಚುತ್ತದೆ, ಯಾವಾಗ ನಗು ಸ್ವಲ್ಪ ಜೋರಾಗುತ್ತದೆ, ಎಲ್ಲ ಕಾಣುತ್ತದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವ ಕಿವಿಮಾತು ಅದೊಂದೇ. ಆದರೆ ಹಾಗೆ ಕೂರುವುದು ಹಗುರವಲ್ಲ. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬುದು ಅಷ್ಟು ಜನರ ಮುಖದಲ್ಲಿ ಕಾಣುತ್ತಿರುತ್ತದೆ, ನಮಗೆ ತಿರುಗಲು ಧೈರ್ಯವಿರುವುದಿಲ್ಲ.

ಹಾಗೆ ಕೂತಿದ್ದಾಗಲೇ ರತ್ನಳನ್ನು ನೋಡಿದ್ದು.

ಆ ಸಿನಿಮಾದ ಹೆಸರು ಬೇಡ. ಕಥೆ ಇಷ್ಟು: ಮನೆಯವರೇ ಸೊಸೆಯನ್ನು ಅಡಿಗೆಮನೆಯಲ್ಲಿ ಕೂಡಿಹಾಕಿ ಸೀಮೆಎಣ್ಣೆ ಸುರಿದು ಸುಡುತ್ತಾರೆ, ಸ್ಟೌ ಸಿಡಿಯಿತು ಎಂದು ಊರಿಗೆ ಹೇಳುತ್ತಾರೆ. ಸತ್ತವಳು ದೆವ್ವವಾಗಿ ಬಂದು ಒಬ್ಬೊಬ್ಬರನ್ನೇ ಮುಗಿಸುತ್ತಾಳೆ. ದೆವ್ವ ಬರುವುದು ಮೊದಲ ಅರ್ಧ ಗಂಟೆಯಾದ ಮೇಲೆ. ಬಂದ ಮೇಲೆ ಉಸಿರಾಡಲು ಬಿಡುವುದಿಲ್ಲ. ಮೊದಲ ಸಲ ನೋಡಿ ಬಂದು ಐದೂ ಹಣ್ಣು ಕೊಟ್ಟಿದ್ದೆ. ಪತ್ರಿಕೆ ಹೊರಬಿದ್ದ ಮೇಲೆ, ಬರೆದದ್ದು ಸರಿಯೇ ಎಂದು ಒರೆಗೆ ಹಚ್ಚಲು ಅತ್ತೆಯೊಂದಿಗೆ ಮತ್ತೆ ಹೋದೆ.

ದೆವ್ವ ಎದ್ದಿತು. ಹೆಂಗಸರೆಲ್ಲ ಕಿರುಚಿದರು. ಆ ಸಾಲಿನಲ್ಲಿ ಒಂದು ಮುಖ ಮಾತ್ರ ಸಡಿಲವಾಯಿತು. ತುಂಬುಬಸುರಿ, ಇಪ್ಪತ್ತರ ಆಸುಪಾಸು, ಜೊತೆಗೆ ಯಾರೂ ಇಲ್ಲ. ತವರಿನವರು ಬಾಗಿಲಿಗೆ ಬಂದರೆ ಹೆಣ್ಣುಮಕ್ಕಳ ಮುಖ ಹೇಗಾಗುತ್ತದೋ ಹಾಗಾಗಿತ್ತು. ಅಷ್ಟು ವರ್ಷಗಳಲ್ಲಿ ಯಾವ ದೆವ್ವವೂ ನನ್ನನ್ನು ಆ ಮುಖ ಹೆದರಿಸಿದಷ್ಟು ಹೆದರಿಸಿಲ್ಲ.

ಮರುದಿನ ಅತ್ತೆಯನ್ನು ಕರೆದುಕೊಂಡು ಮತ್ತೆ ಹೋದೆ. ಅವಳಿದ್ದಳು. ಈ ಸಲ ಮೊದಲಿನಿಂದಲೇ ಅವಳನ್ನೇ ನೋಡಿದೆ. ತೆರೆಯ ಮೇಲೆ ದೆವ್ವದ ಸುಳಿವೂ ಇಲ್ಲ. ಅತ್ತೆ ಮಾವ ಊಟಕ್ಕೆ ಕೂತಿದ್ದಾರೆ, ಮೈದುನ ಬಾಗಿಲ ಹತ್ತಿರ ನಿಂತಿದ್ದಾನೆ. ಅಕ್ಕಪಕ್ಕದವರು ಕಡಲೆಕಾಯಿ ಸುಲಿಯುತ್ತಿದ್ದಾರೆ. ಅವಳು ಮಾತ್ರ ಎರಡೂ ಕೈಯಲ್ಲಿ ಬೆಂಚು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ನಡುಗುತ್ತಿದ್ದಳು.

ಇಂಟರ್ವಲ್ಲಿನಲ್ಲಿ ಹೋಗಿ ಪಕ್ಕದಲ್ಲಿ ಕೂತೆ. ಅತ್ತೆ ಅವಳ ಕೈ ಹಿಡಿದುಕೊಂಡರು.

"ಬಸುರಿ ಎಂಗ್ಸು, ಇಂಥಾದ್ದಕ್ಕೆ ಯಾಕವ್ವ ಬತ್ತೀಯ?"

"ಐದು ನಿಂಬೆಣ್ಣು ಅವೆ ಅಂದ್ರು ಅಕ್ಕ, ನಮ್ ವಠಾರದೋರು. ಇಲ್ಲಿ ಏನೂ ಆಗಕಿಲ್ಲ. ಜನಾನೂ ಇರ್ತಾರೆ" ಎಂದು ಅವಳು ಹೇಳಿದ್ದು ನನ್ನ ಕಡೆ ತಿರುಗಿ. ನಿಂಬೆಹಣ್ಣು ಇಟ್ಟವಳು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಹೆಸರು ರತ್ನ. ಅತ್ತಿಬೆಲೆ ಕಡೆಯವಳು, ನಾಗಸಂದ್ರದ ಆಚೆಗೆ ಕೊಟ್ಟಿದ್ದರು. ಎದುರಿನ ಹಿಟ್ಟಿನ ಗಿರಣಿಯ ಸಾಲಿನಲ್ಲಿ ರಾಗಿ ಡಬ್ಬ ಇಟ್ಟು, ಸರದಿ ಬರುವವರೆಗೆ ಇಲ್ಲಿ ಬಂದು ಕೂರುತ್ತಿದ್ದಳು. ಗಂಡ ಕಾರ್ಖಾನೆಯಲ್ಲಿರುವ ಹೊತ್ತು ಮನೆಯಲ್ಲಿರಲು ಅವಳಿಗೆ ಭಯ.

"ಒಸಾ ಸ್ಟೌ ತಂದವ್ರೆ ಅಕ್ಕ. ಸೌದೆ ಒಲೆ ಐತಲ್ಲ ಅಂದ್ರೆ, ಇದು ನಿನಗೇಂತ ತಂದಿರಾದು ಅಂತಾರೆ. ನಮ್ಮಪ್ಪ ಕೊಡ್ತೀನಿ ಅಂದಿದ್ದು ಕೊಟ್ಟಿಲ್ಲ." ದನಿ ತಗ್ಗಿಸಿ, "ಅಡಿಗೆಮನೆ ಬಾಗ್ಲಿಗೆ ಚಿಲ್ಕ ಒಳಗಡೆ ಇತ್ತು. ಕಿತ್ತು ಒರಗಡೆ ಆಕವ್ರೆ. ಯಾಕಕ್ಕ?" ಎಂದಳು.

ಅತ್ತೆ ಜಗಿಯುತ್ತಿದ್ದುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಸ್ಟೌ ಅಂದ್ರೆ ನಗ್ತಿದ್ಯಲ್ಲ ನೀನು. ಅದು ಯಾವತ್ತಾದ್ರೂ ಅತ್ತೇರ ಮೇಲೆ ಸಿಡಿದಿದ್ದು ಕೇಳಿದ್ದೀಯಾ? ಸೊಸೇರ್ನೇ ಉಡ್ಕೊಂಡು ಸಿಡೀತದೆ. ನನ್ ತಂಗಿ ಮೇಲೂ ಅಂಗೇ ಸಿಡೀತು."

ಅವರಿಗೆ ತಂಗಿಯೊಬ್ಬಳಿದ್ದಳು ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಟ ಮತ್ತೆ ಶುರುವಾಗುವ ಮುಂಚೆಯೇ ಕರೆಂಟು ಹೋಯಿತು. ಹಿಂದಿನ ಸುತ್ತಿಗೆಯೂ ನಿಂತಿತು. ಗೇಟಿನಲ್ಲಿ ನಿಂತಿರುತ್ತಿದ್ದ ಪಾಷಾ ಒಳಗೆ ಬಂದು, "ಅಕ್ಕ, ರತ್ನ ಅಂಬೋರು ಯಾರು? ಹೊರಗೆ ಒಬ್ಬ ಸೈಕಲ್ಲಿನೋನು ಕೇಳ್ತಾವ್ನೆ. ಅತ್ತಿಗೆ ಅಂತೆ" ಎಂದ. ರತ್ನಳ ಉಗುರು ನನ್ನ ತೋಳಿಗೆ ಇಳಿಯಿತು. ಬಾಗಿಲ ಪರದೆಯ ಸಂದಿಯಿಂದ ನೋಡಿದೆ. ಗಿರಣಿಯ ಮುಂದೆ ಸೈಕಲ್ಲು ನಿಲ್ಲಿಸಿಕೊಂಡು ಒಬ್ಬ ಹುಡುಗ ಡಬ್ಬಗಳ ಸಾಲನ್ನು ನೋಡುತ್ತಿದ್ದ. ಕ್ರಾಪು ನೀಟಾಗಿ ಬಾಚಿತ್ತು, ಇಸ್ತ್ರಿ ಅಂಗಿ. ಯಾವ ಸಿನಿಮಾದವರೂ ಅವನಿಗೆ ಕೇಡಿಗನ ಪಾತ್ರ ಕೊಡುತ್ತಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ದಿಗಿಲಾಯಿತು.

ಯೋಚಿಸುತ್ತಾ ನಿಂತಿದ್ದರೆ ನಾನು ಏನೂ ಮಾಡುತ್ತಿರಲಿಲ್ಲ. ಯೋಚಿಸದವರು ನಮ್ಮ ಅತ್ತೆ. ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ರತ್ನಳ ಸೆರಗಿನ ತುದಿಗೆ ಗಂಟು ಹಾಕಿದರು. ಬಸುರಿಯರು ದಾರಿ ನಡೆಯುವಾಗ ನಮ್ಮಲ್ಲಿ ಹಾಗೆ ಕಟ್ಟುವುದುಂಟು.

"ಸರೋಜ, ಇವಳ್ನ ಇವ್ರಪ್ಪನ ಮನೆ ಮುಟ್ಸಿ ಬಾ. ಆ ಉಡುಗುನ್ನ ನಾ ನೋಡ್ಕೋತೀನಿ" ಎಂದು ಮುಂಬಾಗಿಲಿನಿಂದ ಹೊರಟೇಬಿಟ್ಟರು.

ಪಾಷಾ ಏನನ್ನೂ ಕೇಳದೆ ಪಕ್ಕದ ಬಾಗಿಲು ತೆರೆದ. ಕಾರ್ಖಾನೆಯ ಗೋಡೆಗೂ ಟಾಕೀಸಿಗೂ ನಡುವೆ ಒಬ್ಬರು ಹಾಯುವಷ್ಟು ಜಾಗ. ಸದ್ದು ನಿಂತಿದ್ದರಿಂದ ನಮ್ಮ ಚಪ್ಪಲಿಯ ಸಪ್ಪಳವೇ ನಮಗೆ ದೊಡ್ಡದಾಗಿ ಕೇಳುತ್ತಿತ್ತು. ಬಿರುಬಿಸಿಲು, ಎದುರಿಗೆ ಜನ ಓಡಾಡುವ ರಸ್ತೆ. ಆದರೂ ಅಂಥ ಭಯವನ್ನು ನಾನು ಕತ್ತಲಲ್ಲೂ ಪಟ್ಟಿಲ್ಲ. ತುಮಕೂರು ರಸ್ತೆಗೆ ಬಂದು ಸಿಕ್ಕ ಬಸ್ಸು ಹತ್ತಿದೆವು. ಹಿಂದೆ ಸೈಕಲ್ಲು ಕಂಡರೆ ಸಾಕು, ಅವಳು ಸೀಟಿನಿಂದ ಕೆಳಗೆ ಕುಸಿಯುತ್ತಿದ್ದಳು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಹೊಸೂರು ರಸ್ತೆ ಹಿಡಿದೆವು. ಎಲೆಕ್ಟ್ರಾನಿಕ್ ಸಿಟಿ ಎಂದರೆ ಆಗ ಒಂದಷ್ಟು ಬೇಲಿ, ಒಂದೆರಡು ಕಟ್ಟಡ, ಮಿಕ್ಕಿದ್ದೆಲ್ಲ ರಾಗಿ ಹೊಲ. ಅಷ್ಟು ದೂರ ಬಂದ ಮೇಲೆ ಅವಳು ಮೊದಲ ಸಲ ಕಿಟಕಿಯ ಹೊರಗೆ ನೋಡಿದಳು. ಸೆರಗಿನ ಗಂಟನ್ನು ಮಾತ್ರ ಮುಷ್ಟಿಯಿಂದ ಬಿಡಲಿಲ್ಲ.

ತವರು ಮುಟ್ಟಿದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಅವಳ ಅಪ್ಪ ಜಗಲಿಯಲ್ಲಿ ಕೂತು ಎಲ್ಲ ಕೇಳಿದರು. ಒಳ್ಳೆಯ ಮನುಷ್ಯ, ಮರ್ಯಾದೆಗೆ ಅಂಜುವವರು.

"ಇಂಗೆ ಯೇಳ್ದೆ ಕೇಳ್ದೆ ಬಂದ್ಬುಟ್ರೆ ಜನ ಏನಂತಾರಮ್ಮ? ಅತ್ತೆ ಮನೇಲಿ ಒಂದು ಮಾತು ಬರ್ತದೆ, ಓಯ್ತದೆ. ಎರಡು ದಿನ ಇರ್ಲಿ, ನಾನೇ ಬುಟ್ಟು ಬತ್ತೀನಿ. ಸಿನಿಮಾ ನೋಡಿ ಎದ್ರವಳೆ, ಅಷ್ಟೇಯ."

ರತ್ನಳಿಗೆ ಬೆಂಚು ಹಿಡಿದು ಕಣ್ಣು ಮುಚ್ಚಿದ್ದ ಮುಖವೇ ಮತ್ತೆ ಬಂತು. ಹಿರಿಯರ ಮುಂದೆ ದನಿ ಎತ್ತಿ ನನಗೆ ಅಭ್ಯಾಸವಿಲ್ಲ. ಆದರೂ ಹೇಳಿದೆ.

"ಯಜಮಾನ್ರೇ, ನೀವು ಕಳ್ಸೋದಾದ್ರೆ ಕಳ್ಸಿ. ಆದ್ರೆ ಮೊದ್ಲು ನೀವೊಬ್ರೇ ಒಂದ್ಸಲ ಆ ಮನೆಗೆ ಹೋಗ್ಬನ್ನಿ. ಜಗಳ ಆಡ್ಬೇಡಿ, ಏನೂ ಕೇಳ್ಬೇಡಿ. ನೀರು ಕುಡಿಯೋ ನೆಪದಲ್ಲಿ ಒಳಗೆ ಹೋಗಿ. ಅಡಿಗೆಮನೆ ಚಿಲಕ ಯಾವ ಕಡೆ ಇದೆ ಅಂತ ನೋಡ್ಕೊಂಡು ಬನ್ನಿ."

ಅಷ್ಟು ಹೇಳಿ ನಾನು ಬಸ್ಸು ಹತ್ತಿ ವಾಪಸ್ಸು ಬಂದೆ.

ಮನೆಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ಗಿರಣಿಯಲ್ಲಿ ಅವನ ಜೊತೆಗೇ ನಿಂತು, "ನಿಮ್ಮತ್ತಿಗೆ ಇಲ್ಲೇ ನೀರಿಗೋದ್ಲು ಕಣಪ್ಪ, ಡಬ್ಬ ನೋಡ್ಕೋ ಅಂದವ್ಳೆ" ಎಂದು ಮಾತಿಗೆ ಮಾತು ಪೋಣಿಸಿ, ಕರೆಂಟು ಬಂದ ಮೇಲೆ ರಾಗಿಯನ್ನೂ ಬೀಸಿಸಿ, ಬಿಸಿ ಹಿಟ್ಟಿನ ಡಬ್ಬವನ್ನು ಅವನ ಕೈಗೇ ಕೊಟ್ಟು ಬಂದಿದ್ದರು. "ಮುದ್ದೆಗಾಯ್ತಲ್ಲ, ತಿನ್ಲಿ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು. ತಂಗಿಗಾಗಿ ಅತ್ತದ್ದೆಂದು ನಾನು ಕೇಳದೆಯೇ ತಿಳಿದುಕೊಂಡೆ.

ಆ ವಾರ ನಾನು ಸಿನಿಮಾದ ಬಗ್ಗೆ ಮತ್ತೊಂದು ಸಲ ಬರೆದುಕೊಟ್ಟೆ. ದೆವ್ವಕ್ಕೆ ಒಂದು ಹಣ್ಣು, ದೆವ್ವ ಬರುವ ಮುಂಚಿನ ಅರ್ಧ ಗಂಟೆಗೆ ಐದು ಎಂದು. ರಾಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅದು ಸಂಸಾರ ಕಣಮ್ಮ, ಹಾರರ್ ಅಲ್ಲ" ಎಂದು ಆ ಸಾಲನ್ನು ಹೊಡೆದುಹಾಕಿದರು. ನಾನು ವಾದ ಮಾಡಲಿಲ್ಲ. ಅತ್ತಿಬೆಲೆಯಿಂದ ಸುದ್ದಿಯಿರಲಿಲ್ಲ. ಎರಡು ದಿನ ಕಳೆದುಹೋಗಿತ್ತು. ಪ್ರೂಫಿನಲ್ಲಿ 'ಸೀಮೆಎಣ್ಣೆ' ಎಂಬ ಪದ ಬಂದರೂ ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ರತ್ನಳ ಅಪ್ಪ ಪ್ರೆಸ್ಸಿನ ಬಾಗಿಲಲ್ಲಿ ಬಂದು ನಿಂತರು. ಟವೆಲ್ಲು ಕೈಯಲ್ಲಿ ಹಿಂಡಿಹೋಗಿತ್ತು. ಒಳಗೆ ಕರೆದರೂ ಬರಲಿಲ್ಲ.

"ಓಗಿದ್ದೆ ಕಣಮ್ಮ. ಕಾಫಿ ಕೊಟ್ರು. ನಗ್ ನಗ್ತಾ ಮಾತಾಡುದ್ರು. ನೀರು ಕೇಳ್ಕೊಂಡು ಒಳಕ್ಕೋದೆ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಒರಗಡೆಯೇ ಐತೆ. ಮೊಳೆ ಇನ್ನೂ ಒಳೀತಾ ಅವೆ."

ಅವರು ಮಗಳನ್ನು ಕಳಿಸಲಿಲ್ಲ. ಅವಳಿಗೆ ಹೆಣ್ಣುಮಗು ಹುಟ್ಟಿತು. ಮುಂದೆ ಅತ್ತಿಬೆಲೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ನನ್ನ ಕೆಲಸ ಅದಾದ ಮೇಲೆ ಹೆಚ್ಚು ವರ್ಷ ನಡೆಯಲಿಲ್ಲ. ಬೀದಿ ಬೀದಿಯಲ್ಲಿ ವಿಡಿಯೋ ಬಂತು. ಜನ ಬಾಡಿಗೆಗೆ ಕ್ಯಾಸೆಟ್ಟು ತಂದು, ಹೆದರಿಕೆಯಾದರೆ ಅಲ್ಲೇ ನಿಲ್ಲಿಸಿ ದೀಪ ಹಾಕಿಕೊಂಡರು. ಹಾಗೆ ನೋಡುವವರಿಗೆ ನನ್ನ ನಿಂಬೆಹಣ್ಣು ಯಾಕೆ? ನಾನು ಪ್ರೂಫಿನ ಬೆಂಚಿಗೆ ಮರಳಿದೆ. ಅಲ್ಲಿಂದಲೇ ನಿವೃತ್ತಳಾದೆ.

ಈಗ ದೆವ್ವದ ಸಿನಿಮಾ ನೋಡಿದರೆ ನಿದ್ದೆ ಬರುತ್ತದೆ. ಆದರೆ ಹಳೆಯ ಕಸುಬು ಒಂದು ಉಳಿದುಕೊಂಡಿದೆ. ನಮ್ಮ ಪೈಕಿ ಯಾವ ಹೆಣ್ಣುಮಗುವಿಗೆ ಸಂಬಂಧ ನೋಡಿದರೂ ಗಂಡಿನ ಮನೆಗೆ ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಜಾತಕ, ಸೈಟು, ಸಂಬಳ ಎಲ್ಲ ಅವರು ವಿಚಾರಿಸಿಕೊಳ್ಳಲಿ. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಕುಡಿಯಲು ನೀರು ಕೇಳುತ್ತೇನೆ. ತಂದುಕೊಡುತ್ತೇವೆ ಎಂದರೆ, ಬೇಡಮ್ಮ, ನಾನೇ ಬರುತ್ತೇನೆ ಎಂದು ಎದ್ದು ಅಡಿಗೆಮನೆಗೆ ಹೋಗುತ್ತೇನೆ.